ಬೂಟು ಹೊಲಿದ ತಾಯಿ ಸಾರೋಟಿನಲ್ಲಿ ಊರಿಗೆ ಬಂದಳು

ಸಾಲ ತೀರಿದ ದಿನದ ಸುಖ ಎಂಥದು ಅಂತ ಅಂಗಡಿ ಇಟ್ಟವರಿಗೆ ಬೇರೆ ಹೇಳಬೇಕಾಗಿಲ್ಲ. ಪುಸ್ತಕದಲ್ಲಿ ಆ ಹೆಸರಿನ ಮೇಲೆ ಗೀಟು ಎಳೆದ ರಾತ್ರಿ ಬರುವ ನಿದ್ದೆಯೇ ಬೇರೆ.

ಅಂಥ ಒಂದು ದಿನ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದ ಅಲೆಘೆನಿ ಎಂಬ ಊರಿನ ಒಂದು ಬಡವರ ಮನೆಗೆ ಬಂತು. ಅರ್ಧ ಡಾಲರಿನ ಬೆಳ್ಳಿ ನಾಣ್ಯಗಳನ್ನು ಒಂದೊಂದಾಗಿ ಕಾಲುಚೀಲದಲ್ಲಿ ಕೂಡಿಹಾಕುತ್ತ ಬಂದಿದ್ದರು. ಇನ್ನೂರು ನಾಣ್ಯ ಆದವು. ಅಂದರೆ ನೂರು ಡಾಲರು. ಆ ಕಾಲದ ಲೆಕ್ಕಕ್ಕೆ 20 ಪೌಂಡು. ಡ್ರಾಫ್ಟ್ ಮಾಡಿಸಿ ಸಮುದ್ರದಾಚೆ ಸ್ಕಾಟ್ಲೆಂಡಿಗೆ, ಸಾಲ ಕೊಟ್ಟ ಗೆಳತಿಗೆ ಕಳಿಸಿದರು. ಅವತ್ತು ಮನೆಯಲ್ಲಿ ಹಬ್ಬ.

ಆ ಮನೆಯ ಯಜಮಾನಿ ಹೆಸರು ಮಾರ್ಗರೆಟ್ ಮಾರಿಸನ್ ಕಾರ್ನೆಗಿ. ಅವಳ ಹಿರೀ ಮಗನ ಹೆಸರು ಓದು ಬಲ್ಲವರೆಲ್ಲ ಕೇಳಿರುತ್ತಾರೆ: ಆಂಡ್ರ್ಯೂ ಕಾರ್ನೆಗಿ, ಉಕ್ಕಿನ ದೊರೆ. 1901ರಲ್ಲಿ ತನ್ನ ಕಾರ್ಖಾನೆಗಳನ್ನು 48 ಕೋಟಿ ಡಾಲರಿಗೆ ಮಾರಿದವನು. ಲೋಕದ ತುಂಬ 2,509 ಗ್ರಂಥಾಲಯ ಕಟ್ಟಲು ಹಣ ಕೊಟ್ಟವನು. ಮಗನ ಕಥೆ ಎಲ್ಲರೂ ಹೇಳುತ್ತಾರೆ. ತಾಯಿಯ ಕಥೆ ಕೇಳಿದವರು ಕಡಿಮೆ.

ಮಗ್ಗದ ಮನೆ

ಮಾರ್ಗರೆಟ್ ಹುಟ್ಟಿದ್ದು 1810ರಲ್ಲಿ, ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಊರಿನಲ್ಲಿ. ಮೇಜಿನ ಮೇಲೆ ಹಾಸುವ ಹೂಬಳ್ಳಿಯ ಲಿನನ್ ಬಟ್ಟೆಗೆ ಹೆಸರಾದ ನೇಕಾರರ ಊರು ಅದು. ತಂದೆ ಥಾಮಸ್ ಮಾರಿಸನ್ ಚರ್ಮದ ಕಸುಬಿನವನು, ಬೂಟು ಹೊಲಿಯುವವನು. ಸುಮ್ಮನೆ ತಲೆ ತಗ್ಗಿಸಿ ಬೂಟು ಹೊಲಿದುಕೊಂಡು ಇರುವ ಆಸಾಮಿ ಅಲ್ಲ. ಬಡವರಿಗೂ ಓಟು ಬೇಕು ಅಂತ ಸಭೆಗಳಲ್ಲಿ ಗುಡುಗುತ್ತಿದ್ದವನು. ಮಕ್ಕಳಿಗೆ ತಲೆಯ ವಿದ್ಯೆ ಎಷ್ಟು ಬೇಕೋ ಕೈ ಕೆಲಸವೂ ಅಷ್ಟೇ ಬೇಕು ಎಂಬುದು ಅವನ ವಾದ. ಅದರ ಮೇಲೆ ಒಂದು ಲೇಖನವನ್ನೇ ಬರೆದಿದ್ದ.

ಊರ ಪಕ್ಕದಲ್ಲೇ ಪಿಟೆನ್‌ಕ್ರೀಫ್ ಎಂಬ ಒಂದು ದೊಡ್ಡ ತೋಟ, ಜಮೀನ್ದಾರನದು. ಅದರೊಳಗಿನ ಹಳೇ ಅವಶೇಷಗಳ ಹತ್ತಿರ ಹೋಗಲು ಊರಿನವರಿಗೆ ಹಕ್ಕಿದೆ ಅಂತ ಮಾರಿಸನ್ ಮನೆಯವರು ತಕರಾರು ಎತ್ತಿದರು. ಸಿಟ್ಟಿಗೆದ್ದ ಜಮೀನ್ದಾರರ ಕಡೆಯವರು ಮಾರಿಸನ್ ವಂಶದ ಒಂದು ನರಪಿಳ್ಳೆಯೂ ತೋಟದ ಬಾಗಿಲು ದಾಟಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಊರಿನ ಮಕ್ಕಳು ಒಳಗೆ ಹೋದ ದಿನವೂ ಮಾರ್ಗರೆಟ್ಟಳ ಮಕ್ಕಳಿಗೆ ಹೊರಗಡೆಯೇ ಗತಿ. ಈ ತೋಟದ ಮಾತು ನೆನಪಿರಲಿ, ಕೊನೆಯಲ್ಲಿ ಮತ್ತೆ ಬರುತ್ತದೆ.

1834ರಲ್ಲಿ ಅವಳಿಗೆ ವಿಲಿಯಂ ಕಾರ್ನೆಗಿ ಎಂಬ ನೇಕಾರನ ಜೊತೆ ಮದುವೆಯಾಯಿತು. ಮೂಡಿ ಸ್ಟ್ರೀಟಿನಲ್ಲಿ ಚಿಕ್ಕ ಮನೆ. ಕೆಳಗೆ ಮಗ್ಗ, ಮೇಲೆ ಸಂಸಾರ. ಅಡಿಗೆ, ಊಟ, ನಿದ್ದೆ, ಬಾಣಂತನ ಎಲ್ಲ ಅದೇ ಮಾಳಿಗೆಯಲ್ಲಿ. 1835ರ ನವೆಂಬರ್ 25ರಂದು ಆಂಡ್ರ್ಯೂ ಹುಟ್ಟಿದ. ಆಮೇಲೆ ಒಂದು ಹೆಣ್ಣುಮಗು ಹುಟ್ಟಿ ಎಳೆಯದರಲ್ಲೇ ತೀರಿಕೊಂಡಿತು. 1843ರಲ್ಲಿ ಕಿರಿಯ ಮಗ ಟಾಮ್.

ನಡುವೆ ಸ್ವಲ್ಪ ಕಾಲ ಕೈ ಚೆನ್ನಾಗಿಯೇ ನಡೆಯಿತು. ದೊಡ್ಡ ಮನೆಗೆ ಹೋದರು, ನಾಲ್ಕು ಮಗ್ಗ ಹಾಕಿದರು. ಆಮೇಲೆ ಬಂತು ಉಗಿಮಗ್ಗ. ಹತ್ತು ಕೈ ನೇಯುವ ಬಟ್ಟೆಯನ್ನು ಒಂದು ಯಂತ್ರ ನೇಯುವಾಗ ಕೈಮಗ್ಗದವನ ಬಟ್ಟೆ ಕೇಳುವವರು ಯಾರು? ನಮ್ಮ ಕಡೆ ಮಗ್ಗದ ಕೇರಿಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೊಂದಾಗಿ ಮಗ್ಗ ನಿಂತವು. ಒಂದು ದಿನ ವಿಲಿಯಂ ಮನೆಗೆ ಬಂದು, ಇನ್ನು ನನಗೆ ಕೆಲಸ ಸಿಗೋದಿಲ್ಲ ಎಂದು ಎಳೆಯ ಮಗನ ಮುಂದೆಯೇ ಹೇಳಿಬಿಟ್ಟ.

ಗಂಡ ಕುಸಿದು ಕೂತ. ಮಾರ್ಗರೆಟ್ ಕೂರಲಿಲ್ಲ. ಮನೆಯಲ್ಲೇ ಒಂದು ಸಣ್ಣ ಅಂಗಡಿ ಇಟ್ಟಳು. ಮಕ್ಕಳ ಕೈಗೆ ಮಿಠಾಯಿ, ಹೆಂಗಸರ ಕೈಗೆ ದಿನಸಿ. ಅಪ್ಪನ ಮನೆಯಲ್ಲಿ ಕಲಿತ ಬೂಟಿನ ಚರ್ಮ ಹೊಲಿಯುವ ವಿದ್ಯೆ ಕೈಯಲ್ಲಿತ್ತು, ಅದನ್ನೂ ಹಿಡಿದಳು. ಮನೆ ನಡೆದದ್ದು ಅದರಿಂದಲೇ.

ಇಪ್ಪತ್ತು ಪೌಂಡಿನ ಕೊರತೆ

ಎಷ್ಟು ದಿನ ಹೀಗೆ? ಅವಳ ಅಕ್ಕತಂಗಿಯರು ಮೊದಲೇ ಅಮೆರಿಕ ಸೇರಿ ಪಿಟ್ಸ್‌ಬರ್ಗ್ ಊರಿನ ಬಳಿ ನೆಲೆಸಿದ್ದರು. ನಾವೂ ಹೋಗೋಣ ಎಂದು ಹಟ ಹಿಡಿದವಳು ಮಾರ್ಗರೆಟ್ಟೇ. ಮಗ್ಗಗಳನ್ನೂ ಮನೆಸಾಮಾನನ್ನೂ ಹರಾಜಿಗೆ ಹಾಕಿದರು. ಹರಾಜಿನ ಹಣೆಬರಹ ಗೊತ್ತಲ್ಲ? ಮಾರುವವನಿಗೆ ಅವಸರ ಅಂತ ತಿಳಿದ ಮೇಲೆ ಕೊಳ್ಳುವವನು ಬೆಲೆ ಏರಿಸುತ್ತಾನೆಯೇ? ಯಾರಿಗೂ ಬೇಡವಾದ ಮಗ್ಗ ಮೂರು ಕಾಸಿಗೆ ಹೋಯಿತು. ಹಡಗಿನ ಖರ್ಚಿಗೆ 20 ಪೌಂಡು ಕಡಿಮೆ ಬಿತ್ತು.

ಆಗ ಕೈ ಹಿಡಿದವಳು ಹಳೇ ಗೆಳತಿ ಶ್ರೀಮತಿ ಹೆಂಡರ್ಸನ್. ಸಮುದ್ರ ದಾಟಿ ಹೋಗುವವರಿಗೆ, ಮತ್ತೆ ಮುಖ ಕಾಣುತ್ತೇವೋ ಇಲ್ಲವೋ ಎನ್ನುವವರಿಗೆ 20 ಪೌಂಡು ಎಣಿಸಿ ಕೊಟ್ಟಳು. ಉದ್ರಿ ಕೊಟ್ಟು ಗೊತ್ತಿರುವವರು ಒಂದು ಗಳಿಗೆ ಯೋಚನೆ ಮಾಡಲಿ. ಗುರುತಿನವನು ಪಕ್ಕದ ಬೀದಿಗೆ ಹೋದರೇ ವಸೂಲಿ ಕಷ್ಟ. ಇವರು ಹೋಗುತ್ತಿದ್ದದ್ದು ಭೂಮಿಯ ಆ ಮಗ್ಗುಲಿಗೆ.

1848ರ ಮೇ ತಿಂಗಳು ಗ್ಲಾಸ್ಗೋ ಬಂದರಿನಿಂದ ವಿಸ್ಕಾಸೆಟ್ ಎಂಬ ಹಾಯಿಹಡಗಿನಲ್ಲಿ ಗಂಡ, ಹೆಂಡತಿ, ಹನ್ನೆರಡು ಮತ್ತು ನಾಲ್ಕು ವರ್ಷದ ಇಬ್ಬರು ಹುಡುಗರು ಹೊರಟರು. ನ್ಯೂಯಾರ್ಕ್ ಮುಟ್ಟಲು ಏಳು ವಾರ. ಅಲ್ಲಿಂದ ಕಾಲುವೆ, ಸರೋವರ, ಮತ್ತೆ ಕಾಲುವೆ ಅಂತ ಮೂರು ವಾರ. ಪಿಟ್ಸ್‌ಬರ್ಗ್ ಇನ್ನೇನು ಬಂತು ಅನ್ನುವಾಗ ಬೀವರ್ ಎಂಬಲ್ಲಿ ನದಿ ದಂಡೆಯ ದೋಣಿಯಲ್ಲಿ ಒಂದು ರಾತ್ರಿ ಕಳೆಯಬೇಕಾಯಿತು. ಸೊಳ್ಳೆ ಅಂದರೇನು ಅಂತ ಆ ಸಂಸಾರಕ್ಕೆ ಗೊತ್ತಾದದ್ದು ಅಂದೇ. ಬೆಳಗಾಗುವಷ್ಟರಲ್ಲಿ ಮಾರ್ಗರೆಟ್ಟಳ ಮುಖ ಊದಿ ಕಣ್ಣು ಬಿಡಲಾರದ ಹಾಗಾಗಿತ್ತು. ಹೊಸ ದೇಶ ಅವಳಿಗೆ ಕೊಟ್ಟ ಮೊದಲ ಉಡುಗೊರೆ ಅದು.

ವಾರಕ್ಕೆ ನಾಲ್ಕು ಡಾಲರು

ಅಲೆಘೆನಿಯ ರೆಬೆಕಾ ಸ್ಟ್ರೀಟಿನಲ್ಲಿ ಬಂಧುಗಳ ಹಿತ್ತಿಲ ಮನೆಯ ಮಾಳಿಗೆಯಲ್ಲಿ ಎರಡು ಕೋಣೆ ಸಿಕ್ಕವು. ಬಾಡಿಗೆ ಇಲ್ಲ, ಪುಣ್ಯ. ಕೆಳಗೆ ಮಗ್ಗ. ವಿಲಿಯಂ ಮತ್ತೆ ಮೇಜುಬಟ್ಟೆ ನೇಯ್ದ, ತಾನೇ ಹೊತ್ತು ಮನೆ ಮನೆ ತಿರುಗಿ ಮಾರಿದ. ಹುಟ್ಟಿದ್ದು ಅಷ್ಟಕ್ಕಷ್ಟೆ.

ಪಕ್ಕದಲ್ಲಿ ಫಿಪ್ಸ್ ಎಂಬ ಬೂಟಿನ ಮೇಸ್ತ್ರಿ ಇದ್ದ. ಅವನಿಂದ ಮಾರ್ಗರೆಟ್ ಹೊಲಿಗೆ ಕೆಲಸ ತಂದಳು. ಹಗಲು ಅಡಿಗೆ, ಬಟ್ಟೆ ಒಗೆಯೋದು, ಮನೆವಾರ್ತೆ. ಆಳು ಇಲ್ಲ, ಕಾಳು ಇಲ್ಲ. ಎಲ್ಲರೂ ಉಂಡ ಮೇಲೆ ದೀಪದ ಮುಂದೆ ಕೂತರೆ ಎಷ್ಟೋ ಸಲ ಮಧ್ಯರಾತ್ರಿ. ಎಳೆಯ ಟಾಮ್ ತಾಯಿಯ ಮೊಣಕಾಲ ಬಳಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ, ದಾರಕ್ಕೆ ಮೇಣ ಸವರುತ್ತಿದ್ದ. ಹೀಗೆ ಕೈ ಸವೆಸಿದರೆ ವಾರಕ್ಕೆ ನಾಲ್ಕು ಡಾಲರು. ಮುಂದೆ ಟಾಮ್ ಉಕ್ಕಿನ ಕಂಪನಿಯ ಪಾಲುದಾರನಾದ. ಆ ಫಿಪ್ಸ್ ಮೇಸ್ತ್ರಿಯ ಮಗ ಹೆನ್ರಿಯೂ ಅದೇ ಕಂಪನಿಯ ಪಾಲುದಾರನಾದ. ಕಾಲಚಕ್ರ ಅಂದರೆ ಇದೇ.

ಹಿರೀ ಮಗ ಏನು ಮಾಡಬೇಕು ಎಂಬ ಮಾತು ಬಂತು. ಹೋಗನ್ ಮಾವ ಒಳ್ಳೆಯ ಮನಸ್ಸಿನಿಂದಲೇ ಒಂದು ಸಲಹೆ ಕೊಟ್ಟ: ಹುಡುಗ ಚುರುಕಾಗಿದ್ದಾನೆ, ಒಂದು ಬುಟ್ಟಿಯಲ್ಲಿ ಚಿಲ್ಲರೆ ಸಾಮಾನು ತುಂಬಿ ಕೊಡಿ, ಹಡಗುಕಟ್ಟೆಯಲ್ಲಿ ತಿರುಗಿ ಮಾರಿಕೊಂಡು ಬರಲಿ. ಹೊಲಿಯುತ್ತಾ ಕೂತಿದ್ದ ಮಾರ್ಗರೆಟ್ ಧಡಕ್ಕನೆ ಎದ್ದು ನಿಂತಳು. ಆ ಪುಂಡರ ನಡುವೆ ಮಗನನ್ನು ಬಿಡುವುದಕ್ಕಿಂತ ಅವನನ್ನು ಅಲೆಘೆನಿ ಹೊಳೆಗೆ ಎಸೆಯುತ್ತೇನೆ ಅಂತ ಕೂಗಾಡಿದಳು. ಪಾಪ, ಮಾವ ಬಾಯಿ ಮುಚ್ಚಿಕೊಂಡ.

ಬುಟ್ಟಿ ವ್ಯಾಪಾರ ಮಾಡುವವರು ತಪ್ಪು ತಿಳಿಯಬಾರದು. ಅವಳೇ ಅಂಗಡಿ ಇಟ್ಟವಳು, ಅವಳ ಗಂಡನೇ ಬಟ್ಟೆ ಹೊತ್ತು ಮಾರಿದವನು. ದುಡಿಮೆ ಅವಳಿಗೆ ಕೀಳಲ್ಲ. ಮಗ ಕೆಟ್ಟ ಸಹವಾಸಕ್ಕೆ ಬಿದ್ದಾನು ಎಂಬುದೇ ಹೆದರಿಕೆ. ಕಡೆಗೆ ಹುಡುಗ ಹತ್ತಿ ಗಿರಣಿಗೆ ಸೇರಿದ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವ ಕೆಲಸ, ವಾರಕ್ಕೆ ಒಂದು ಡಾಲರ್ ಇಪ್ಪತ್ತು ಸೆಂಟು. ಆಮೇಲೆ ತಂತಿ ಕಚೇರಿಯಲ್ಲಿ ತಂತಿ ಹಂಚುವ ಹುಡುಗನಾಗಿ ಎರಡೂವರೆ ಡಾಲರು.

ಆ ಕಾಲದ ಒಂದು ಸಂಗತಿಯನ್ನು ಮಗ ಮುದುಕನಾದ ಮೇಲೂ ಮರೆತಿರಲಿಲ್ಲ. ಒಂದು ಸಂಬಳದ ದಿನ ಕಚೇರಿಯ ಮ್ಯಾನೇಜರು ಇವನನ್ನು ಸಾಲಿನಿಂದ ಪಕ್ಕಕ್ಕೆ ನಿಲ್ಲಿಸಿದ. ಕೆಲಸ ಹೋಯಿತು ಅಂತ ಹುಡುಗನ ಎದೆ ಡವಗುಟ್ಟಿತು. ಕೊನೆಗೆ ಕರೆದು ತಿಂಗಳಿಗೆ 11 ಡಾಲರ್ 25 ಸೆಂಟಿನ ಬದಲು 13 ಡಾಲರ್ 50 ಸೆಂಟು ಕೈಗಿಟ್ಟ. ಮನೆಗೆ ಬಂದು ಹುಡುಗ ಹಳೇ ಸಂಬಳವನ್ನಷ್ಟೇ ತಾಯಿಗೆ ಕೊಟ್ಟ, ಹೆಚ್ಚಿನ 2 ಡಾಲರ್ 25 ಸೆಂಟು ಜೇಬಿನಲ್ಲೇ. ರಾತ್ರಿ ಹಾಸಿಗೆಯಲ್ಲಿ ತಮ್ಮನ ಕಿವಿಯಲ್ಲಿ ಮಾತ್ರ ಗುಟ್ಟು ಹೇಳಿದ. ಭಾನುವಾರ ಬೆಳಿಗ್ಗೆ ತಿಂಡಿಗೆ ಎಲ್ಲರೂ ಕೂತಾಗ ಮೇಜಿನ ಮೇಲೆ ಇಟ್ಟ. ಅಪ್ಪನ ಮುಖ ಅರಳಿತು. ಅಮ್ಮನ ಕಣ್ಣಲ್ಲಿ ನೀರು. ಮುಂದೆ ಎಷ್ಟು ಕೋಟಿ ಬಂದರೂ ಅಷ್ಟು ಸುಖ ಸಿಗಲಿಲ್ಲ ಎಂದು ಬರೆದುಕೊಂಡಿದ್ದಾನೆ.

ಇನ್ನೂರು ನಾಣ್ಯ ತುಂಬಿದ ಕಾಲುಚೀಲ ಈ ದಿನಗಳದು.

ಮನೆ ಅಡವಿಟ್ಟ ಧೈರ್ಯ

1855ರಲ್ಲಿ ವಿಲಿಯಂ ತೀರಿಕೊಂಡ. ಹೊಸ ದೇಶ ಅವನ ಕೈಗೆ ಹತ್ತಲೇ ಇಲ್ಲ. ಮಾರ್ಗರೆಟ್ ಮತ್ತೆ ಸೂಜಿ ಹಿಡಿದಳು. ಅಷ್ಟರಲ್ಲಿ ಹಿರೀ ಮಗ ರೈಲ್ವೆ ಕಚೇರಿ ಸೇರಿದ್ದ.

ಮುಂದಿನ ವರ್ಷ ರೈಲ್ವೆಯ ಮೇಲಧಿಕಾರಿ ಸ್ಕಾಟ್ ಸಾಹೇಬ ಒಂದು ಕಂಪನಿಯ ಹತ್ತು ಶೇರು 500 ಡಾಲರಿಗೆ ಸಿಗುತ್ತವೆ, ತಗೊಳ್ತೀಯಾ ಅಂತ ಕೇಳಿದ. ಹುಡುಗನ ಹತ್ತಿರ ಐವತ್ತೂ ಇರಲಿಲ್ಲ, ಆದರೂ ಹೂಂ ಅಂದು ಬಂದ. ತಾಯಿ ಬೈಯಲಿಲ್ಲ. ಆಗಲೇಬೇಕು, ಮನೆ ಅಡವಿಡೋಣ ಎಂದಳು. ಮಾರನೇ ದಿನವೇ ಸ್ಟೀಮರ್ ಹತ್ತಿ ಓಹಾಯೋದಲ್ಲಿದ್ದ ಅಣ್ಣನ ಮೂಲಕ ಹಣ ಹೊಂದಿಸಿ ತಂದಳು. ಮಗ ಆತ್ಮಕಥೆಯಲ್ಲಿ ಹೇಳುವುದು ಹೀಗೆ. ಹಳೇ ಕಾಗದಪತ್ರ ನೋಡಿದ ಇತಿಹಾಸಕಾರರು ಮೊದಲು ಹಣ ಕೊಟ್ಟದ್ದು ಸ್ಕಾಟೇ ಎನ್ನುತ್ತಾರೆ. ವಿವರ ಹೇಗೇ ಇರಲಿ, ಕೋಟಿಗಟ್ಟಲೆ ಸಂಪತ್ತಿಗೆ ಬೀಜ ಬಿದ್ದದ್ದು ಅಲ್ಲಿ. ಮೊದಲ ಲಾಭಾಂಶ ಹತ್ತು ಡಾಲರು.

ಹಣ ಬಂತು, ದೊಡ್ಡ ಮನೆ ಬಂತು. ಅಡಿಗೆಗೆ ಆಳು ಇಡೋಣ ಅಂದರೆ ಮಾರ್ಗರೆಟ್ ಮಾತ್ರ ಒಪ್ಪಳು. ಇಪ್ಪತ್ತು ವರ್ಷ ತಾನೇ ಬೇಯಿಸಿ, ತಾನೇ ಒಗೆದು, ತಾನೇ ಹೊಲಿದು ಸಾಕಿದ ಮಕ್ಕಳಿಗೆ ಪರರ ಕೈಯಲ್ಲಿ ಯಾಕೆ ಊಟ? ಮಕ್ಕಳು ಗೋಗರೆದು ಒಪ್ಪಿಸಬೇಕಾಯಿತು.

ಕಿರಿಯ ಟಾಮ್ 1867ರಲ್ಲಿ ಲೂಸಿ ಕೋಲ್‌ಮನ್ ಎಂಬವಳನ್ನು ಮದುವೆಯಾದ. ಅವರಿಗೆ ಒಂಬತ್ತು ಮಕ್ಕಳು. ಬೂಟು ಹೊಲಿದ ತಾಯಿ ಮನೆ ತುಂಬ ಮೊಮ್ಮಕ್ಕಳ ಅಜ್ಜಿಯಾದಳು. ಒಬ್ಬ ಮೊಮ್ಮಗಳಿಗೆ ಅಜ್ಜಿಯ ಹೆಸರೇ, ಮಾರ್ಗರೆಟ್.

ನಾಲ್ಕು ಕುದುರೆಯ ಸಾರೋಟು

ಬಡತನದ ದಿನಗಳಲ್ಲಿ ಮಗ ತಾಯಿಗೆ ಒಂದು ಮಾತು ಕೊಟ್ಟಿದ್ದ. ಒಂದು ದಿನ ನಾನು ಸಾಹುಕಾರ ಆಗ್ತೀನಿ, ನಾವು ನಾಲ್ಕು ಕುದುರೆ ಸಾರೋಟಿನಲ್ಲಿ ತಿರುಗೋಣ. ಡನ್‌ಫರ್ಮ್‌ಲಿನ್ ಜನ ನೋಡದೇ ಹೋದರೆ ಇಲ್ಲಿ ಸಾರೋಟಿನಲ್ಲಿ ಕೂತು ಏನು ಬಂತು ಅಂತ ತಾಯಿ ಉತ್ತರ ಕೊಟ್ಟಳಂತೆ. ಹುಟ್ಟೂರಿನಲ್ಲಿ ಅಂಗಡಿ ಮುಚ್ಚಿ, ಮಗ್ಗ ಹರಾಜು ಹಾಕಿ ಹೊರಟವಳ ಎದೆಯಲ್ಲಿ ಎಂಥ ಮುಳ್ಳು ಇತ್ತು ನೋಡಿ.

1881ರಲ್ಲಿ ಮಗ ಮಾತು ಉಳಿಸಿಕೊಂಡ. ಸಾರೋಟು, ನಾಲ್ಕು ಕುದುರೆ, ಸ್ನೇಹಿತರ ತಂಡ. ಇಂಗ್ಲೆಂಡಿನ ದಕ್ಷಿಣ ತುದಿಯ ಬ್ರೈಟನ್‌ನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಪ್ರಯಾಣ. ಮಾರ್ಗರೆಟ್ಟಳಿಗೆ ಆಗ 71 ವರ್ಷ. ಹಡಗಿನಲ್ಲಿ ದೇಶ ಬಿಟ್ಟು ಹೋಗಲು ಏಳು ವಾರ ಹಿಡಿದಿತ್ತು. ಸಾರೋಟಿನ ಈ ಮೆರವಣಿಗೆಗೂ ಹೆಚ್ಚುಕಡಿಮೆ ಏಳು ವಾರ.

ಜುಲೈ 27ರಂದು ಸಾರೋಟು ಡನ್‌ಫರ್ಮ್‌ಲಿನ್ ಹೊಕ್ಕಿತು. ಬೀದಿ ತುಂಬ ಬಾವುಟ, ಕಮಾನು, ಜನವೋ ಜನ. ಅದೇ ದಿನ ಊರಿಗೆ ಮಗ ಕೊಟ್ಟ ಗ್ರಂಥಾಲಯದ ಶಿಲಾನ್ಯಾಸ. ಕಲ್ಲು ಇಟ್ಟವಳು ತಾಯಿ. ಕಾರ್ನೆಗಿ ಗ್ರಂಥಾಲಯಗಳ ಸಾಲಿನಲ್ಲಿ ಅದೇ ಮೊದಲನೆಯದು. 1883ರಲ್ಲಿ ಬಾಗಿಲು ತೆರೆಯಿತು.

ಸೂಜಿಯ ಮೊನೆ

ತಾಯಿಯನ್ನು ಹೊಗಳುವಾಗ ಬರೀ ಸಿಹಿ ಬಡಿಸಿದರೆ ಊಟ ಆಗುವುದಿಲ್ಲ. ಮಾರ್ಗರೆಟ್ ಗಟ್ಟಿಗಿತ್ತಿ. ಮಗನನ್ನು ಬೇರೊಬ್ಬಳ ಕೈಗೆ ಕೊಡಲು ಮನಸ್ಸಿಲ್ಲ. ಲೂಯಿಸ್ ವಿಟ್‌ಫೀಲ್ಡ್ ಎಂಬ ಹುಡುಗಿಯನ್ನು ಮಗ ಮೆಚ್ಚಿದ್ದ. ಸಾರೋಟಿನ ಪ್ರಯಾಣಕ್ಕೆ ಅವಳನ್ನೂ ಕರೆಯೋಣ ಎಂಬ ಮಾತು ಬಂದಾಗ ಮುರಿದವಳು ತಾಯಿಯೇ ಎಂದು ಜೀವನಚರಿತ್ರೆ ಬರೆದವರು ಹೇಳುತ್ತಾರೆ. ತಾಯಿ ಇರುವತನಕ ಮದುವೆ ಆಗಲ್ಲ ಅಂತ ಮಗ ಮಾತು ಕೊಟ್ಟಿದ್ದನಂತೆ. ಐವತ್ತು ವಯಸ್ಸಾದರೂ ಅವನು ಬ್ರಹ್ಮಚಾರಿ. ಪಾಪ, ಲೂಯಿಸ್ ವರ್ಷಗಟ್ಟಲೆ ಕಾದಳು. ತಾಯಂದಿರ ಪ್ರೀತಿಗೂ ಸೂಜಿಯ ಮೊನೆ ಇರುತ್ತದೆ.

1886ರ ಅಕ್ಟೋಬರಿನಲ್ಲಿ ಟಾಮ್ ಸತ್ತ. ಆಗ ತಾಯಿ ಕ್ರೆಸನ್ ಎಂಬ ಬೆಟ್ಟದೂರಿನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಅದೇ ಮನೆಯಲ್ಲಿ ಹಿರೀ ಮಗನಿಗೆ ವಿಷಮಶೀತ ಜ್ವರ. ನವೆಂಬರ್ 10ರಂದು ಮಾರ್ಗರೆಟ್ ಕಣ್ಣು ಮುಚ್ಚಿದಳು. ಮಗನಿಗೆ ತಿಳಿದರೆ ಅವನೂ ಉಳಿಯಲಿಕ್ಕಿಲ್ಲ ಎಂಬ ಭಯ. ಶವಪೆಟ್ಟಿಗೆಯನ್ನು ಅವನ ಕೋಣೆಯ ಮುಂದೆ ಒಯ್ಯದೆ ಕಿಟಕಿಯಿಂದ ಇಳಿಸಿದರಂತೆ. ಅವನು ಚೇತರಿಸಿಕೊಂಡು 1887ರ ಏಪ್ರಿಲಿನಲ್ಲಿ ಲೂಯಿಸಳ ಕೈ ಹಿಡಿದ. ಹತ್ತು ವರ್ಷದ ಮೇಲೆ ಹುಟ್ಟಿದ ಒಬ್ಬಳೇ ಮಗಳಿಗೆ ಇಟ್ಟ ಹೆಸರೂ ಮಾರ್ಗರೆಟ್.

ಅವಳು ಕಾಣದೆ ಹೋದದ್ದು

ಒಂದು ಸಂಗತಿ ಕಾಣಲು ಆಕೆ ಉಳಿದಿರಲಿಲ್ಲ. 1892ರ ಜುಲೈ 6ರಂದು ಮಗನ ಹೋಂಸ್ಟೆಡ್ ಉಕ್ಕಿನ ಕಾರ್ಖಾನೆಯ ಮುಂದೆ ರಕ್ತ ಹರಿಯಿತು. ಕೂಲಿ ಕಡಿತದ ಜಗಳ, ಬೀಗಮುದ್ರೆ, ಕಂಪನಿ ತರಿಸಿದ ಸುಮಾರು 300 ಬಂದೂಕಿನ ಕಾವಲುಗಾರರು. ಎರಡೂ ಕಡೆ ಜನ ಸತ್ತರು. ಕಾರ್ಖಾನೆ ನೋಡಿಕೊಳ್ಳುತ್ತಿದ್ದವನು ಫ್ರಿಕ್, ಮಾಲೀಕ ಆಗ ಸ್ಕಾಟ್ಲೆಂಡಿನಲ್ಲಿದ್ದ. ಆದರೂ ಆ ಕಲೆ ಅವನ ಹೆಸರಿನಿಂದ ಹೋಗಲಿಲ್ಲ.

ಬಡವರಿಗೆ ಓಟು ಕೇಳಿದ ಥಾಮಸ್ ಮಾರಿಸನ್ನನ ಮಗಳು, ಯಂತ್ರ ಬಂದು ಗಂಡನ ಅನ್ನ ಕಿತ್ತುಕೊಂಡದ್ದನ್ನು ಕಣ್ಣಾರೆ ಕಂಡವಳು, ಅವತ್ತು ಬದುಕಿದ್ದರೆ ಏನು ಹೇಳುತ್ತಿದ್ದಳು? ಮಗನನ್ನು ಹಡಗುಕಟ್ಟೆಗೆ ಕಳಿಸು ಎಂದ ಮಾವನ ಮುಂದೆ ಎದ್ದು ನಿಂತವಳು, ಮಗನ ಮುಂದೆಯೂ ಎದ್ದು ನಿಲ್ಲುತ್ತಿದ್ದಳೇ? ಉತ್ತರ ಓದುಗರಿಗೇ ಬಿಟ್ಟದ್ದು.

ತೋಟದ ಮಾತು ಬಾಕಿ ಇದೆಯಲ್ಲ. ಮಾರಿಸನ್ ವಂಶದವರು ಕಾಲಿಡಬಾರದು ಎಂದ ಪಿಟೆನ್‌ಕ್ರೀಫ್ ತೋಟವನ್ನು ಆಂಡ್ರ್ಯೂ 1902ರಲ್ಲಿ ಪೂರ್ತಿ ಕ್ರಯಕ್ಕೆ ತಗೊಂಡು ಊರಿನ ಜನಕ್ಕೆ ಬಿಟ್ಟುಕೊಟ್ಟ. ಇವತ್ತಿಗೂ ಅಲ್ಲಿ ಯಾರ ಮಕ್ಕಳಾದರೂ ಆಡಬಹುದು. ಪಿಟ್ಸ್‌ಬರ್ಗ್‌ನಲ್ಲಿ ಹೆಣ್ಣುಮಕ್ಕಳಿಗೆ ಕಸುಬು ಕಲಿಸಲು ತಾಯಿಯ ಹೆಸರಿನಲ್ಲಿ ಒಂದು ಶಾಲೆ 1906ರಲ್ಲಿ ಆರಂಭವಾಯಿತು. 1973ರಲ್ಲಿ ಅದು ಮುಚ್ಚಿತು, ಕಟ್ಟಡ ಮಾತ್ರ ಮಾರ್ಗರೆಟ್ ಮಾರಿಸನ್ ಹೆಸರು ಹೊತ್ತು ಇಂದಿಗೂ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದೊಳಗೆ ನಿಂತಿದೆ. ಕೆಳಗೆ ಮಗ್ಗ, ಮೇಲೆ ಸಂಸಾರ ಇದ್ದ ಮೂಡಿ ಸ್ಟ್ರೀಟಿನ ಆ ಚಿಕ್ಕ ಮನೆ ಈಗ ವಸ್ತುಸಂಗ್ರಹಾಲಯ.

ಕಾರ್ನೆಗಿ ದಾನದ ಲೆಕ್ಕ ಬರೆಯುವವರು ಕೋಟಿಗಳಿಂದ ಶುರು ಮಾಡುತ್ತಾರೆ. ಅಂಗಡಿಯ ಲೆಕ್ಕ ಬಲ್ಲವರು ಹಾಗೆ ಬರೆಯುವುದಿಲ್ಲ. ಮೊದಲ ಪುಟದಲ್ಲಿ, ಮೊದಲ ಸಾಲಿನಲ್ಲಿ ಬರಬೇಕಾದದ್ದು ಇಷ್ಟು: ಗೆಳತಿಯಿಂದ ತಂದದ್ದು 20 ಪೌಂಡು. ದುಡಿದು ಚುಕ್ತಾ.